ಗೋಡೆ ಏಳುವ ಮೊದಲೇ ಏಳುವ ಹಾಡು

ಡೊಂಬಿವಲಿ ಪೂರ್ವದಿಂದ ಶಿಳ್ ರಸ್ತೆಗೆ ಹೊರಳಿದರೆ, ಬೆಳಗಿನ ಜಾವ ಆಕಾಶಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕ್ರೇನುಗಳ ಕೆಂಪು ದೀಪ. ಕಟ್ಟುತ್ತಿರುವ ಗೋಪುರಗಳು ಸಾಲಾಗಿ ನಿಂತಿವೆ. ಯಾವುದಕ್ಕೂ ಇನ್ನೂ ಮೈ ಬಂದಿಲ್ಲ, ಬರೀ ಎಲುಬು. ಅಂಥದೊಂದರ ಎತ್ತರದ ಮಹಡಿಗೆ ಸುಲೋಚನಾ ಆಗಲೇ ಏರಿ ಬಂದಿದ್ದಾರೆ. ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಹಳದಿ ಹೆಲ್ಮೆಟ್ಟು, ಕೈಯಲ್ಲಿ ಕಪ್ಪು ಪೈಪು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಸಾಕು, ನೀರು ಬೀಸಣಿಗೆಯಂತೆ ಅರಳಿ ಗೋಣಿತಾಟು ಸುತ್ತಿದ ಕಂಬಗಳ ಮೇಲೆ ಬೀಳುತ್ತದೆ. ಹೊಸದಾಗಿ ಎರೆದ ಕಾಂಕ್ರೀಟು ಒಣಗಿ ಬಿರುಕು ಬಿಡಬಾರದೆಂದು ದಿನವೂ ಹೀಗೆ ನೀರುಣಿಸುವುದಕ್ಕೆ ಸೈಟಿನ ಮಾತಿನಲ್ಲಿ ‘ತರಾಯಿ’ ಎನ್ನುತ್ತಾರೆ. ಇವರು ತರಾಯಿ ಅಕ್ಕ.

ನೀರು ಹೊಡೆಯುತ್ತ ಅವರ ತುಟಿ ಅಲುಗುತ್ತದೆ. ದನಿ ಮಾತ್ರ ಹೊರಡುವುದಿಲ್ಲ. ಕುತ್ತಿಗೆಯ ಕೆಳಗೆ ಅಡ್ಡಕ್ಕೆ ಒಂದು ಹೊಲಿಗೆಯ ಗೆರೆ. ಅಷ್ಟರಲ್ಲಿ ಎರಡು ಮಹಡಿ ಕೆಳಗಿನಿಂದ ಇನ್ಯಾರದೋ ಗಂಟಲು ಏಳುತ್ತದೆ:

‘ಗ್ವಾಡಿ ಇಲ್ಲ, ಬಾಗಿಲ ಇಲ್ಲ, ಬಾರೋ ನನ್ನ ಸ್ವಾಮಿ,
ಕಂಬದ ಬುಡಕ ದೀಪಾ ಹಚ್ಚಿ ಕುಂತೀವಿ ನಾವು.’

ಅದರ ಕೆಳಗಿನ ಮಹಡಿಯಲ್ಲಿ ಇಟ್ಟಿಗೆ ಹೊರುವವಳೊಬ್ಬಳು ಎರಡನೆಯ ಸಾಲು ಹಿಡಿಯುತ್ತಾಳೆ. ಅಂಗಳದಲ್ಲಿ ಸರಳು ಕತ್ತರಿಸುತ್ತಿದ್ದವನು ಬಡಿತಕ್ಕೆ ತಾಳ ಹಾಕುತ್ತಾನೆ. ಮೇಲೆ ಸುಲೋಚನಾರ ಮುಖ ಅರಳುತ್ತದೆ. ಅವರು ಮಾತನಾಡಿದರೆ ಹತ್ತಿರ ಬಾಗಿ ಕಿವಿಗೊಡಬೇಕು, ದನಿ ಅಷ್ಟು ಸಣ್ಣ. “ನಾ ಹಾಡತಿದ್ದಾಗ ಒಂದೇ ದನಿ ಇತ್ತ್ರಿ. ಈಗ ನೋಡ್ರಿ, ಬಿಲ್ಡಿಂಗಿಗೇ ಬಾಯಿ ಬಂದದ!”

ಆ ಹಾಡು ಅವರೇ ಕಟ್ಟಿದ್ದು. ಕಟ್ಟಿದ್ದು ಎಂದರೆ ಅವರು ಒಪ್ಪುವುದಿಲ್ಲ. ಬಾಯಿಗೆ ಬಂತು, ಅಂದೆ ಎನ್ನುತ್ತಾರೆ.

ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಕ್ರೈಸ್ತ ಕುಟುಂಬ ಅವರದು. ಊರಿನ ಚಿಕ್ಕ ಚರ್ಚಿನಲ್ಲಿ, ಅವರ ಮಾತಿನಲ್ಲಿ ದೇವಾಲಯದಲ್ಲಿ, ಡೋಲಕ್ಕಿನ ಪಕ್ಕ ಕುಳಿತು ಹಾಡುತ್ತ ಬೆಳೆದವರು. ಮದುವೆಯಾದ ವರ್ಷವೇ ಗಂಡ ಮಾನಪ್ಪನ ಜೊತೆ ಠಾಣೆಗೆ ಬಂದರು. ಮಾನಪ್ಪ ಕಬ್ಬಿಣದ ಸರಳು ಹೆಣೆಯುವವರು. ಸುಲೋಚನಾ ಮೊದಲು ಸಿಮೆಂಟಿನ ಬುಟ್ಟಿ ಹೊತ್ತರು, ಸೊಂಟ ಹಿಡಿದುಕೊಂಡ ಮೇಲೆ ತರಾಯಿಗೆ ಬಂದರು. ಇರುವುದು ಸೈಟಿನೊಳಗಿನ ತಗಡಿನ ಶೆಡ್ಡಿನಲ್ಲಿ. ಕಟ್ಟಡಕ್ಕೆ ಬಣ್ಣ ಬಂತೆಂದರೆ ಶೆಡ್ಡು ಕೀಳಬೇಕು, ಪಾತ್ರೆ ಕಟ್ಟಿಕೊಂಡು ಮುಂದಿನ ಸೈಟಿಗೆ ನಡೆಯಬೇಕು. ಕಲ್ಯಾಣ, ಠಾಣೆ, ವಾಶಿ, ಕಳಂಬೋಲಿ, ಮತ್ತೆ ಡೊಂಬಿವಲಿ. ಇವರು ನೀರೆರೆದು ಗಟ್ಟಿ ಮಾಡಿದ ಮನೆಗಳಲ್ಲಿ ಈಗ ಎಷ್ಟು ಸಂಸಾರಗಳಿವೆಯೋ, ಲೆಕ್ಕ ಇಟ್ಟವರಿಲ್ಲ.

ಪ್ರಾರ್ಥನೆ ನಡೆಯುವುದು ಕೆಳಗಿನ ಪಾರ್ಕಿಂಗ್ ಮಹಡಿಯಲ್ಲಿ. ಕಂಬಗಳ ನಡುವೆ ಖಾಲಿ ಸಿಮೆಂಟ್ ಚೀಲ ಹಾಸಿ ಕೂರುತ್ತಾರೆ. ಯಾರಾದರೂ ಬೈಬಲ್ ಓದುತ್ತಾರೆ, ಮೊದಲು ಸುಲೋಚನಾ ಎತ್ತುತ್ತಿದ್ದ ಹಾಡನ್ನು ಈಗ ಬೇರೆಯವರು ಎತ್ತುತ್ತಾರೆ, ಜ್ವರ ಬಂದವರಿಗೆ, ಊರಿನಲ್ಲಿ ಬಿಟ್ಟುಬಂದ ಮಕ್ಕಳಿಗೆ, ಎತ್ತರದಲ್ಲಿ ದುಡಿಯುವವರ ಕಾಲಿಗೆ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಇದಕ್ಕೆ ಬೋರ್ಡಿಲ್ಲ, ಸಭಾಪಾಲಕರಿಲ್ಲ, ಬಾಗಿಲೂ ಇಲ್ಲ. “ಟೈಲ್ಸ್ ಕೂಡ್ರಿಸಿದ್ರು ಅಂದ್ರ ನಮ್ಮ ದೇವಾಲಯ ಮುಗೀತ್ರಿ. ವಾಚ್‌ಮನ್ ಒಳಗ ಬಿಡಂಗಿಲ್ಲ. ಮುಂದಿನ ಬಿಲ್ಡಿಂಗಿಗಿ ನಡೀಬೇಕು,” ಎಂದು ನಗುತ್ತಾರೆ ಸುಲೋಚನಾ. ನಗು ಮಾತ್ರ ಮೊದಲಿನಂತೆಯೇ ಗಟ್ಟಿಯಾಗಿ ಬರುತ್ತದೆ.

ಇದನ್ನೆಲ್ಲ ಬಿಟ್ಟುಬಿಡುವ ಅವಕಾಶ ಒಮ್ಮೆ ಬಂದಿತ್ತು. ಮಗಳು ಚೈತನ್ಯಾಳಿಗೆ ಆಗ ಶಾಲೆಗೆ ಸೇರುವ ವಯಸ್ಸು. ರಬಾಳೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ನೆರಳಲ್ಲಿ ಕುಳಿತು ಮಾಡುವ ಕೆಲಸ, ಪಕ್ಕಾ ನೌಕರಿ, ಹತ್ತಿರದಲ್ಲೇ ಬಾಡಿಗೆಗೆ ಕೋಣೆ, ಮಗಳಿಗೆ ಒಂದೇ ಶಾಲೆ. ಮಾನಪ್ಪ ಕುಣಿದಾಡಿದರು. ಸೋಮವಾರ ಸೇರಬೇಕಿತ್ತು. ಶನಿವಾರ ಸಂಜೆ ಸುಲೋಚನಾ ಎಲ್ಲರಿಗೂ ಹೇಳಿ ಹೋಗಲೆಂದು ಪಾರ್ಕಿಂಗಿಗೆ ಇಳಿದರು.

ಅಲ್ಲಿ ಕಂಬಕ್ಕೆ ಒರಗಿ ರೇವಣಸಿದ್ದ ಕುಳಿತಿದ್ದ. ಕಲಬುರಗಿ ಕಡೆಯ ಹುಡುಗ, ಮಾನಪ್ಪನ ಜೊತೆಯ ಕೆಲಸಗಾರ. ಊರಿನಿಂದ ಫೋನ್ ಬಂದಿತ್ತು, ಅವನ ತಾಯಿ ತೀರಿಕೊಂಡಿದ್ದರು. ಅಂದಿನ ರೈಲು ಹೊರಟುಹೋಗಿತ್ತು. ಮರುದಿನ ಹೊರಟರೂ ಮಣ್ಣಿಗೆ ಸಿಗುವಂತಿರಲಿಲ್ಲ. ಅವನದು ಬೇರೆ ದೇವರು, ಸುಲೋಚನಾರದು ಬೇರೆ. ಆದರೂ ಅವನೇ ತಲೆ ಎತ್ತಿ ಕೇಳಿದ: “ಅಕ್ಕಾ, ಏನರ ಒಂದು ಹಾಡು. ಸುಮ್ಮನ ಕುಂತ್ರ ತಲಿ ಒಡಿತದ.”

ಸುಲೋಚನಾ ಅವನ ಪಕ್ಕ ಕುಳಿತರು. ಬರುವ ಹಾಡುಗಳೆಲ್ಲ ಮುಗಿದ ಮೇಲೆ, ಸುತ್ತಲಿನ ಬೋಳು ಕಂಬಗಳನ್ನು ನೋಡುತ್ತ, ಗೋಡೆಯಿಲ್ಲದ ಮನೆಗೆ ಸ್ವಾಮಿಯನ್ನು ಕರೆಯುವ ಆ ಎರಡು ಸಾಲು ಬಾಯಿಗೆ ಬಂದವು. ಅದನ್ನೇ ತಿರುತಿರುಗಿಸಿ ಹಾಡಿದರು. ರೇವಣಸಿದ್ದ ಮೊದಲು ಅತ್ತ, ಆಮೇಲೆ ತಾಯಿಯ ಮಾತು ತೆಗೆದ, ಅವಳು ರೊಟ್ಟಿ ಬಡಿಯುವಾಗ ಏನು ಹಾಡುತ್ತಿದ್ದಳು ಎಂದು ಹೇಳಿದ.

ಸೋಮವಾರ ಸುಲೋಚನಾ ರಬಾಳೆಗೆ ಹೋಗಲಿಲ್ಲ.

“ಯಾಕಂತ ಎಲ್ಲಾರೂ ಕೇಳಿದ್ರು. ನನಗೂ ಸರೀಗಿ ಹೇಳಾಕ ಬರಲಿಲ್ಲ. ಫ್ಯಾಕ್ಟರಿದಾಗ ಡಬ್ಬಿ ತುಂಬಾಕ ನಾ ಇಲ್ಲಾಂದ್ರ ಇನ್ನೊಬ್ಬಾಕಿ ಬರ್ತಾಳ. ತಗಡಿನ ಕಂಪೌಂಡ್ ದಾಟಿ ಇಲ್ಲಿ ಯಾರು ಬರ್ತಾರ? ದೇವರು ನನಗ ಜಾಗಾ ತೋರಿಸ್ಯಾನ, ನಾ ನೆರಳು ಹುಡಿಕ್ಕೊಂಡು ಹೋದ್ರ ಹೆಂಗ? ಅಷ್ಟೇ ಅನಿಸಿತ್ತು.”

ಆ ನಿರ್ಧಾರ ಮನೆಯಲ್ಲಿ ಸುಲಭವಾಗಿ ಇಳಿಯಲಿಲ್ಲ. ಮಾನಪ್ಪ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಸೈಟಿನಿಂದ ಸೈಟಿಗೆ ಹೋಗುವಾಗ ಶಾಲೆ ತಪ್ಪುತ್ತದೆಂದು ಚೈತನ್ಯಾಳನ್ನು ಪನವೇಲ್ ಕಡೆಯ ಹಾಸ್ಟೆಲಿಗೆ ಸೇರಿಸಬೇಕಾಯಿತು. ಹುಡುಗಿ ಹಿಂದಿ, ಮರಾಠಿಯಲ್ಲಿ ಬೆಳೆದಳು. ರಜೆಗೆ ಬಂದಾಗ ತಾಯಿ ಕನ್ನಡದಲ್ಲಿ ಕೇಳಿದರೆ ಮಗಳು ಹಿಂದಿಯಲ್ಲಿ ಉತ್ತರ ಕೊಡುವಳು. ದೊಡ್ಡವಳಾದ ಮೇಲೆ ಒಮ್ಮೆ ನೇರವಾಗಿಯೇ ಅಂದಿದ್ದಳು: “ಸಬ್ ಕೇ ಲಿಯೇ ತೂ ಥೀ ಮಮ್ಮೀ. ಮೇರೇ ಲಿಯೇ ಹಾಸ್ಟೆಲ್ ಥಾ.”

ಎಲ್ಲರಿಗೂ ನೀನಿದ್ದೆ, ನನಗೆ ಮಾತ್ರ ಹಾಸ್ಟೆಲು. ಈ ಮಾತನ್ನು ಸುಲೋಚನಾ ಮುಚ್ಚಿಡುವುದಿಲ್ಲ. “ಖರೇ ಅದ ಅದು. ಮಗಳಿಗಿ ಅನ್ಯಾಯ ಆಗ್ಯದ. ನಾ ದೇವರ ಹೆಸರು ಹೇಳಿ ಅದನ್ನ ಮುಚ್ಚಂಗಿಲ್ಲ. ಅವನ ಮುಂದನೂ ಇಟ್ಟೀನಿ, ಆಕಿ ಮುಂದನೂ ಇಟ್ಟೀನಿ.”

ಹೀಗೆ ವರ್ಷಗಳು ಹೋದವು. ಆಮೇಲೆ ಕುತ್ತಿಗೆಯಲ್ಲೊಂದು ಗಂಟು ಬೆಳೆಯಿತು. ಠಾಣೆಯ ಆಸ್ಪತ್ರೆಯಲ್ಲಿ ತೆಗೆಸಲೇಬೇಕಾಯಿತು. ದನಿಗೆ ತೊಂದರೆಯಾಗಬಹುದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು, ಹಾಗೆಯೇ ಆಯಿತು. ಎಚ್ಚರವಾದಾಗ ಗಂಟಲಿನಿಂದ ಗಾಳಿಯಷ್ಟೇ ಹೊರಟಿತು. ವಾಶಿಯ ಮಾಲಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಚೈತನ್ಯಾ ರಜೆ ಹಾಕಿ ಬಂದು ಮಂಚದ ಪಕ್ಕ ಕುಳಿತಳು. ಸುಲೋಚನಾ ಗೋಡೆಯತ್ತ ಹೊರಳಿ ಮಲಗಿದರು. ದೇವರು ಕೊಟ್ಟದ್ದು ಒಂದೇ ಒಂದು ವರ, ಅದನ್ನೂ ವಾಪಸು ತೆಗೆದುಕೊಂಡ ಎಂದುಕೊಂಡರು. ಡೊಂಬಿವಲಿಯ ಪಾರ್ಕಿಂಗಿನಲ್ಲಿ ಇನ್ನು ಯಾರೂ ಕೂರುವುದಿಲ್ಲ, ಹಿಂದಿನ ಸೈಟುಗಳದು ಎಂದೋ ಮುಗಿದಿರಬೇಕು. ಅವರು ಹೊರಟ ಮೇಲೆ ಅಲ್ಲೇನಾಯಿತೆಂದು ತಿಳಿದದ್ದೇ ಇಲ್ಲ. ಕೂಲಿ ಜನ, ಒಂದೊಂದು ದಿಕ್ಕಿಗೆ ಚದುರಿದವರು.

ಆಗ ಫೋನ್ ಬಡಿಯಿತು.

ಫೋನ್ ಎತ್ತಿದ್ದು ಚೈತನ್ಯಾ. ಆ ಕಡೆಯಿಂದ ಗುರುತಿಲ್ಲದ ಹೆಂಗಸಿನ ದನಿ: “ಕಳಂಬೋಲಿಯಿಂದ ಮಾತಾಡ್ತೀನವಾ. ಅಕ್ಕನ ದನಿ ಹೋಗ್ಯದಂತಲ್ಲ? ಮಾತಾಡಸಬ್ಯಾಡ. ಫೋನ್ ಕಿವಿಗಿ ಹಿಡಿ, ನಾವು ಹಾಡ್ತೀವಿ.” ಚೈತನ್ಯಾ ಸ್ಪೀಕರ್ ಒತ್ತಿ ತಾಯಿಯ ತಲೆದಿಂಬಿನ ಮೇಲಿಟ್ಟಳು. ಅಲ್ಲಿನ ಕಬ್ಬಿಣದ ಬಜಾರಿನ ಲಾರಿಗಳ ಸದ್ದಿನ ನಡುವೆ ಏಳೆಂಟು ಹೆಂಗಸರು ಒಟ್ಟಿಗೆ ಎತ್ತಿದರು: ಗ್ವಾಡಿ ಇಲ್ಲ, ಬಾಗಿಲ ಇಲ್ಲ...

ಅದು ಮುಗಿಯುವಷ್ಟರಲ್ಲಿ ಇನ್ನೊಂದು ಕರೆ. ರಬಾಳೆಯ ಕಡೆಯಿಂದ. ಆಮೇಲೆ ಠಾಣೆಯ ಘೋಡ್‌ಬಂದರ್ ರಸ್ತೆಯ ಸೈಟಿನಿಂದ. ಸುದ್ದಿ ಒಬ್ಬರಿಂದೊಬ್ಬರಿಗೆ ಹಬ್ಬಿತ್ತು. ಎರಡು ದಿನ ಫೋನ್ ಬಿಸಿಯಾಗಿಯೇ ಇತ್ತು. ಕೆಲವರ ಹೆಸರು ಸುಲೋಚನಾರಿಗೆ ನೆನಪಿತ್ತು. ಕೆಲವರನ್ನು ಅವರು ಕಂಡೇ ಇರಲಿಲ್ಲ. ಅವರಿಂದ ಕಲಿತವರು ಇನ್ನೊಂದು ಸೈಟಿಗೆ ಹೋಗಿದ್ದರು, ಅಲ್ಲಿ ಚೀಲ ಹಾಸಿದ್ದರು, ಮತ್ತೆ ಯಾರಿಗೋ ಕಲಿಸಿದ್ದರು. ಮುಗಿಯಿತೆಂದುಕೊಂಡ ಒಂದೊಂದು ಕಡೆಯ ಪ್ರಾರ್ಥನೆಯೂ ನಡೆಯುತ್ತಲೇ ಇತ್ತು!

“ಮಮ್ಮೀ, ಯೇ ಸಬ್ ಕೌನ್ ಹೈ?” ಚೈತನ್ಯಾ ಕಣ್ಣರಳಿಸಿ ಕೇಳಿದಳು. ಇವರೆಲ್ಲ ಯಾರು? ಸುಲೋಚನಾ ಹೇಳಲಾರದೆ ಅಳುತ್ತಿದ್ದರು, ನಗುತ್ತಲೂ ಇದ್ದರು. ಪಕ್ಕದ ಮಂಚದ ರೋಗಿ ವಾಲ್ಯೂಮ್ ಇನ್ನೂ ಜಾಸ್ತಿ ಮಾಡೆಂದು ಸನ್ನೆ ಮಾಡಿದಳಂತೆ.

ಎಲ್ಲರನ್ನೂ ಒಂದು ಕಡೆ ಸೇರಿಸಬೇಕೆಂಬ ಮಾತು ಬಂದದ್ದು ಮಗಳಿಂದಲೇ. “ಇನ್ ಸಬ್ ಕೋ ಏಕ್ ಬಾರ್ ಬುಲಾತೇ ಹೈ ನಾ. ಮುಝೇ ದೇಖನಾ ಹೈ.” ನನಗೆ ನೋಡಬೇಕು ಎಂದಳು. ಈ ವರ್ಷದ ಈಸ್ಟರ್ ಭಾನುವಾರ ಎಂದು ಗೊತ್ತುಮಾಡಿದ್ದೂ ಅವಳೇ. ವಾಟ್ಸ್ಆ್ಯಪ್ ಗುಂಪು ಹುಟ್ಟಿತು. ಡೊಂಬಿವಲಿ ಸೈಟಿನ ಮೇಸ್ತ್ರಿ ಪಾರ್ಕಿಂಗ್ ಕೊಡಲು ಒಪ್ಪಿದರು. ಕಳಂಬೋಲಿಯವರು ಟೆಂಪೋ ಗೊತ್ತುಮಾಡಿದರು. ಸೀರೆ ಇಸ್ತ್ರಿಯಾದವು.

ಶುಕ್ರವಾರ ಬಾಂಬು ಬಿತ್ತು. ಸ್ಲ್ಯಾಬ್ ಹಾಕುವ ದಿನ ಬದಲಾಗಿ ಭಾನುವಾರಕ್ಕೇ ಬಂದಿತ್ತು. ಪಾರ್ಕಿಂಗಿನಲ್ಲಿ ಕಾಂಕ್ರೀಟ್ ಪಂಪು ನಿಲ್ಲಬೇಕು, ಎಂಟು ಗಂಟೆಗೆ ಎಲ್ಲರೂ ಕೆಲಸಕ್ಕೆ ಹಾಜರಿರಬೇಕು. ಸ್ಲ್ಯಾಬ್ ಒಮ್ಮೆ ಶುರುವಾದರೆ ನಡುವೆ ನಿಲ್ಲುವಂತಿಲ್ಲ ಎಂಬುದು ಸುಲೋಚನಾರಿಗೆ ಬೇರೆಯವರು ಹೇಳಬೇಕಿಲ್ಲ. “ಬ್ಯಾಡ ಅಂತ ಫೋನ್ ಮಾಡು,” ಎಂದು ಮಗಳಿಗೆ ಪಿಸುಗುಟ್ಟಿ ಕುಸಿದು ಕುಳಿತರು.

ಗೇಟಿನ ಮುಂದೆ ಚಹಾ-ತಿಂಡಿಯ ಕ್ಯಾಂಟೀನ್ ನಡೆಸುವ ತಾರಾನಾಥ ಉಡುಪಿ ಕಡೆಯವರು. ಸುಲೋಚನಾರ ಹಾಡು ಕೇಳಿಸಿದ ಮೇಲೆಯೇ ಬೆಳಗ್ಗೆ ಒಲೆ ಹಚ್ಚುವುದು ಅವರ ವಾಡಿಕೆಯಾಗಿತ್ತು. ವಿಷಯ ಕೇಳಿದ್ದೇ ಸೌಟು ಕೆಳಗಿಟ್ಟು ಬಂದರು. “ಎಂತ ಬೇಡ ಅನ್ನುವುದು ಮಾರಾಯ್ರೆ? ನಾನು ಊರಲ್ಲಿ ಭಜನೆಯಲ್ಲಿ ತಾಳ ಕುಟ್ಟಿ ಬೆಳೆದವ. ದೇವರ ಹೆಸರು ಹೇಳ್ಲಿಕ್ಕೆ ಜಾಗ ಇಲ್ಲ ಅಂದ್ರೆ ಆಗ್ತದಾ? ನನ್ನ ಕ್ಯಾಂಟೀನಿನ ಹಿಂದೆ ಇಷ್ಟು ದೊಡ್ಡ ಶೆಡ್ಡು ಉಂಟು. ಸಿಲಿಂಡರ್ ಎಲ್ಲ ಹೊರಗೆ ಹಾಕುವ. ನೀವು ಎಂಟು ಗಂಟೆಗೆ ಮುಂಚೆ ಮುಗಿಸಿ, ಅಷ್ಟೇ.”

ಎಂಟಕ್ಕೆ ಮುಂಚೆ! ಸುಲೋಚನಾ ಎದ್ದು ನಿಂತರು. ಈಸ್ಟರ್ ಎಂದರೆ ಹೇಗೂ ಮುಂಜಾವಿನ ಹಬ್ಬ. ನಸುಕಿನಲ್ಲೇ ಸೇರೋಣ, ಹಾಡಿ ಮುಗಿಸಿ ಸ್ಲ್ಯಾಬಿಗೆ ಹೋಗೋಣ. ಚೈತನ್ಯಾಳ ಬೆರಳು ಫೋನಿನ ಮೇಲೆ ಓಡತೊಡಗಿತು. ಮಾನಪ್ಪ ಸಿಲಿಂಡರ್ ಹೊರಲು ಹೊರಟರು.

ಆ ಭಾನುವಾರದ ನಸುಕನ್ನು ಶಿಳ್ ರಸ್ತೆ ಬೇಗ ಮರೆಯುವಂತಿಲ್ಲ. ಮೊದಲು ಬಂದದ್ದು ಕಳಂಬೋಲಿಯ ಟೆಂಪೋ. ತಿರುವಿನಾಚೆ ಅದು ಕಾಣುವ ಮೊದಲೇ ಹಾಡು ಕೇಳಿಸಿತು. ಹಿಂದೆ ಹೆಂಗಸರು ನಿಂತುಕೊಂಡೇ ಹಾಡುತ್ತಿದ್ದರು. ಟೆಂಪೋ ಓಡಿಸಿಕೊಂಡು ಬಂದವನು ರೇವಣಸಿದ್ದ. ಈಗ ಕಬ್ಬಿಣದ ಬಜಾರಿನಲ್ಲಿ ಅವನದೇ ಗಾಡಿ, ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿ. ಇಳಿದವನೇ ಸುಲೋಚನಾರ ಕಾಲು ಮುಟ್ಟಿದ. “ನಾ ನಮ್ಮ ದೇವರಿಗೇ ನಡ್ಕೊಳ್ಳಾವ ಅಕ್ಕಾ. ಆದ್ರ ಗಾಡಿ ನಿಮ್ದು. ಯಾವಾಗ ಕರೀತೀರಿ, ಆವಾಗ ಬರ್ತದ.” ಹಿಂದೆಯೇ ಮೊದಲ ಲೋಕಲ್ ರೈಲಿನಲ್ಲಿ ಬಂದವರು ರಿಕ್ಷಾಗಳಿಂದ ಇಳಿದರು. ರಬಾಳೆಯವರು, ವಾಶಿಯವರು, ಕಲ್ಯಾಣದವರು, ಘೋಡ್‌ಬಂದರಿನವರು. ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿ. ರಸ್ತೆಯ ನಡುವೆ ನಿಂತು ಚೈತನ್ಯಾ ಒಂದು ಕಿವಿಗೆ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ದಾರಿ ತೋರುತ್ತಿದ್ದಳು: “ಇಧರ್ ಸೇ, ಇಧರ್ ಸೇ! ಚಪ್ಪಲ್ ಬಾಹರ್!”

ಶೆಡ್ಡು ತುಂಬಿತು. ಹೊರಗಿನ ಅಂಗಳವೂ ತುಂಬಿತು. ಕ್ಯಾಂಟೀನಿನ ಬೆಂಚು ಸಾಲದೆ ತಾರಾನಾಥ ಅಕ್ಕಿಯ ಖಾಲಿ ಚೀಲಗಳನ್ನೇ ಮಡಚಿ ಹಾಸಿದರು. ಪ್ರತಿ ಸೈಟಿನಿಂದ ಒಬ್ಬರು ಎದ್ದು ಪ್ರಾರ್ಥಿಸಿದರು. ಕಲ್ಯಾಣದ ಹೆಂಗಸೊಬ್ಬಳು ಬೈಬಲ್ ವಚನ ಓದುವಾಗ ತಡವರಿಸಿ ಮತ್ತೆ ಮೊದಲಿನಿಂದ ಶುರು ಮಾಡಿದಳು, ಎಲ್ಲರೂ ಕಾದರು. ಹಾಡು ಎದ್ದಾಗ ತಗಡು ಅದುರಿತು. ಆಗ ಸುಲೋಚನಾ ಬಾಗಿಲ ಕಡೆ ನೋಡಿದರು. ಕನ್ನಡದ ಹಾಡು ಬರುವುದಿಲ್ಲವೆಂದು ಸದಾ ಹೇಳುವ ಮಗಳ ತುಟಿ ಸಾಲುಸಾಲಿಗೂ ಅಲುಗುತ್ತಿತ್ತು, ಒಂದು ಶಬ್ದವೂ ತಪ್ಪದೆ.

ಮುಂದೆ ಬಂದು ಕುಳಿತುಕೊಳ್ಳಿರೆಂದು ಎಲ್ಲರೂ ಕರೆದರೂ ಸುಲೋಚನಾ ಒಪ್ಪಿರಲಿಲ್ಲ. ಗಂಡನ ಜೊತೆ ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಅವರ ಪಕ್ಕ ವಿಜಯಪುರ ಕಡೆಯ ಚಂದ್ರಬಾಯಿ. ಘೋಡ್‌ಬಂದರಿನ ಸೈಟಿಗೆ ಹೊಸದಾಗಿ ಬಂದವಳು, ಇಲ್ಲಿ ಯಾರ ಪರಿಚಯವೂ ಇಲ್ಲ. ಪಕ್ಕದ ಹೆಂಗಸು ಬರೀ ತುಟಿ ಅಲುಗಿಸುತ್ತಿರುವುದನ್ನು ಅವಳು ಒಂದಷ್ಟು ಹೊತ್ತು ನೋಡಿದಳು. ಪಾಪ, ಹಾಡು ಬರುವುದಿಲ್ಲ ಎಂದು ತಿಳಿದಳು.

“ಯಕ್ಕಾ, ಹೊಸಬ್ರ ಏನು? ನಾಚಬ್ಯಾಡ್ರಿ, ನಾ ಹೇಳಿಕೊಡ್ತೀನಿ. ನನ್ನ ಹಿಂದ ಅನ್ರಿ,” ಎಂದು ಸುಲೋಚನಾರ ಕೈ ಹಿಡಿದು ಕಿವಿಯ ಬಳಿ ಬಾಗಿ ಹಾಡತೊಡಗಿದಳು. ಮೊದಲ ಎರಡು ಸಾಲು ಅವೇ. ಮುಂದಿನವೆರಡು ಸುಲೋಚನಾ ಎಂದೂ ಕೇಳಿರದವು:

‘ಲಿಫ್ಟು ಸುದ್ದಾ ಬಂದಿಲ್ಲ, ಮೆಟ್ಲಾ ಹತ್ತಿ ಬಾರೋ,
ದಣದು ಬಂದ್ರ ನೀರು ಕೊಡ್ತೀವಿ, ನಮ್ಮ ಕೂಡ ಕುಂಡ್ರೋ.’

ಮಾನಪ್ಪನಿಗೆ ತಡೆಯಲಾಗಲಿಲ್ಲ. “ಏಯ್ ತಂಗಿ, ಈ ಹಾಡು...” ಎಂದು ಬಾಯಿ ತೆರೆದರು. ಸುಲೋಚನಾ ಅವರ ತೊಡೆಯನ್ನು ಗಟ್ಟಿಯಾಗಿ ಚಿವುಟಿದರು. ಆಮೇಲೆ ಚಂದ್ರಬಾಯಿಯತ್ತ ತಿರುಗಿ, ಯಾರು ಕಟ್ಟಿದ ಹಾಡಿದು ಎಂದು ಪಿಸುಗುಟ್ಟಿದರು.

“ಯಾರಿಗಿ ಗೊತ್ತವಾ,” ಎಂದಳು ಚಂದ್ರಬಾಯಿ. “ಹಳೀದದ. ಮೊದಲಿಂದೂ ಹಾಡ್ಕೋತ ಬಂದಾರ.”

ಎಂಟಕ್ಕೆ ಮುಂಚೆ ಎಲ್ಲ ಮುಗಿಯಿತು. ತಾರಾನಾಥರ ಉಪ್ಪಿಟ್ಟು, ಶಿರಾ ತಿಂದು ಡೊಂಬಿವಲಿಯವರು ಸ್ಲ್ಯಾಬಿಗೆ ಹೋದರು, ಉಳಿದವರು ಟೆಂಪೋ, ಲೋಕಲ್ ಹಿಡಿದರು. ಹೋಗುವ ಮೊದಲು ಚೈತನ್ಯಾ ತಾಯಿಯನ್ನು ಬೈದಳು, ಹಾಡು ತನ್ನದೆಂದು ಯಾಕೆ ಹೇಳಲಿಲ್ಲವೆಂದು. ಈಗಲೂ ಆ ಮಾತು ಬಂದರೆ ಬೈಯುತ್ತಾಳೆ. ಭಾನುವಾರ ಮಾಲಿನಲ್ಲಿ ಗಿರಾಕಿಗಳ ಜಾತ್ರೆ, ಆದರೂ ತಿಂಗಳಿಗೊಮ್ಮೆ ರಜೆ ಕೇಳಿ ಯಾವುದಾದರೂ ಸೈಟಿಗೆ ತಾಯಿಯನ್ನು ಕರೆದುಕೊಂಡು ಹೋಗುವುದು ಈಗ ಅವಳದೇ ಜವಾಬ್ದಾರಿ.

ಸುಲೋಚನಾ ಕೇಳಿಸಿಕೊಂಡು ನಗುತ್ತಾರೆ. “ನನ್ನ ಹೆಸರು ಹೇಳಿ ಏನಾಗಬೇಕಿತ್ತ್ರಿ? ಹಳೀದದ ಅಂದ್ಲಲ್ಲ, ಅಷ್ಟು ಛಲೋ ಮಾತು ನನಗ ಯಾರೂ ಅಂದಿದ್ದಿಲ್ಲ.” ಒಂದು ಗುಟುಕು ನೀರು ಕುಡಿದು, ಗಂಟಲು ಸರಿ ಮಾಡಿಕೊಂಡು, ಇನ್ನೂ ಹತ್ತಿರ ಬಾಗುತ್ತಾರೆ. “ಒಂದೇ ಆಸಿ ಅದ. ಆ ಲಿಫ್ಟಿನ ಸಾಲು ನನಗಿನ್ನಾ ಪೂರಾ ಬಾಯಿಗಿ ಬಂದಿಲ್ಲ. ಬರೋ ಐತವಾರ ಘೋಡ್‌ಬಂದರಿಗಿ ಹೋಗಿ ಚಂದ್ರಬಾಯಿ ಕಡಿಂದ ಕಲೀಬೇಕು.”